ಅಜ್ಜಿಯ ಬಿಡುಗಡೆ ಪತ್ರ

"ಅಮ್ಮಾ, ಹೊಲಿಗೆಯಜ್ಜಿ ಯಾಕೆ ಮಿಷನ್ನಿಗೆ 'ಬಾಯಿ ಮುಚ್ಚು' ಅಂತಾರೆ?"

ಇವತ್ತು ಮಧ್ಯಾಹ್ನ ಕೆಳಮನೆಯಿಂದ ಬಂದ ಮಗಳು ಕೇಳಿದಳು. ತೊಳೆಯುತ್ತಿದ್ದ ತಟ್ಟೆ ಕೈಯಲ್ಲೇ ನಿಂತಿತು.

ಅಜ್ಜಿ ಮೂವತ್ತು ವರ್ಷದಿಂದ ಚರ್ಚಿನ ಹಾಡುಗಾರರ ನಿಲುವಂಗಿ ಹೊಲಿಯುವವರು. ನಾನು ಕೆಲಸಕ್ಕೆ ಹೋದರೆ ಮಗಳು ಅವರ ಬಳಿಯೇ. ಇವಳು ಗುಂಡಿ ಆರಿಸಿಕೊಡುತ್ತಾಳೆ, ಅವರು ಗೊಂಬೆಗೆ ಅಂಗಿ ಹೊಲಿಯುತ್ತಾರೆ. ಮೂರು ತಿಂಗಳ ಹಿಂದೆ ಅವರಿಗೆ ಹೊಲಿಗೆ ಮಿಷನ್ನಿನ ಸದ್ದಿನೊಳಗೆ ಗಂಡಸಿನ ದನಿ ಕೇಳತೊಡಗಿತ್ತು. ದುರಾತ್ಮವೆಂದು ಪ್ರಾರ್ಥನೆಯ ಗುಂಪಿನವರು ತಲೆಯ ಮೇಲೆ ಕೈಯಿಟ್ಟು ಬಿಡುಗಡೆಗಾಗಿ ಬೇಡಿದರು. ದನಿ ಜಗ್ಗಲಿಲ್ಲ. ಕಡೆಗೆ ಪಾದ್ರಿಯವರೇ ಆಸ್ಪತ್ರೆಗೆ ಸೇರಿಸಿದರು. ತಿಂಗಳಾದ ಮೇಲೆ ನಗುನಗುತ್ತ ಬಂದರು.

ಮಗಳನ್ನು ಮೇಲೇ ಬಿಟ್ಟು ಕೆಳಗಿಳಿದೆ. ಮಿಷನ್ನಿಗೆ ಕಂಬಳಿ ಹೊದಿಸಿತ್ತು. ಅಜ್ಜಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಕೈಯಲ್ಲಿ ದೊಡ್ಡ ಕತ್ತರಿ.

"ಗುಳಿಗೆ ತಗೋತಿದೀರಾ ಅಜ್ಜಿ?"

"ಅದ್ಯಾಕೆ? ಬಿಡುಗಡೆ ಆಯ್ತು ಅಂತ ಡಾಕ್ಟರೇ ಬರೆದುಕೊಟ್ಟಿದಾರಲ್ಲ."

ಬೈಬಲಿನೊಳಗಿಂದ ಮಡಚಿದ ಚೀಟಿ ತೆಗೆದರು. ಮೇಲೆ ದಪ್ಪಕ್ಷರದಲ್ಲಿ 'ಬಿಡುಗಡೆ ಪತ್ರ'. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಎಲ್ಲರಿಗೂ ಕೊಡುವ ಚೀಟಿ. ಗುಳಿಗೆ ನಿಲ್ಲಿಸಬಾರದು ಎಂಬುದು ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ.

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. "ಇದು ಆಸ್ಪತ್ರೆ ಮಂಚದಿಂದ ಬಿಡುಗಡೆ ಅಜ್ಜಿ. ಕಾಯಿಲೆಯಿಂದ ಅಲ್ಲ."

"ಚರ್ಚಲ್ಲಿ ಎದ್ದು ನಿಂತು, ದೇವರು ಬಿಡಿಸಿದ ಅಂತ ಸಾಕ್ಷಿ ಹೇಳಿದೀನಲ್ಲೇ. ಈಗ ಮತ್ತೆ ನುಂಗಿದ್ರೆ ನಂಬಿಕೆ ಇಲ್ಲ ಅಂದಂಗಲ್ವಾ?"

"ಕನ್ನಡಕ ಹಾಕ್ಕೊಂಡೇ ಅಲ್ವಾ ಬೈಬಲ್ ಓದೋದು? ಅದೂ ನಂಬಿಕೆ ಕಮ್ಮಿ ಅಂತಲಾ?"

"ನಿನ್ನ ನಾಲಿಗೆ ನನ್ನ ಸೂಜಿಗಿಂತ ಚೂಪು," ಅಂದರು. ತುಟಿ ನಗಲು ನೋಡಿತು, ಕಣ್ಣು ಕಂಬಳಿಯನ್ನು ಬಿಡಲಿಲ್ಲ. "ಅವನು ಇವತ್ತು ಮಗು ಹೆಸರು ಹಿಡಿದು ಮಾತಾಡಿದ. ಅದಕ್ಕೇ ಅವಳನ್ನ ಮೇಲೆ ಕಳಿಸಿಬಿಟ್ಟೆ."

ಅಜ್ಜಿ ಕತ್ತರಿಯನ್ನು ತಿರುಗಿಸಿ, ಹಿಡಿ ನನ್ನ ಕಡೆ ಮಾಡಿ ಚಾಚಿದರು.

"ಇದನ್ನ ನಿನ್ನ ಹತ್ರ ಇಟ್ಕೋ. ನಾನು ಅತ್ತು ಕರೆದ್ರೂ ಸದ್ಯ ಮಗೂನ ಕಳಿಸಬೇಡ. ಈಗಲೇ ನನ್ನ ಜೊತೆ ಆಸ್ಪತ್ರೆಗೆ ಬಾ ತಾಯಿ. ಈ ಸಲ ಚೀಟೀಲಿ 'ಬಿಡುಗಡೆ' ಬಿಟ್ಟು ಬೇರೆ ಏನಾದ್ರೂ ಬರೀರಿ ಅಂತ ನೀನೇ ಕೇಳು."