ರಜೆಯ ಕಣ್ಣು, ದುಡಿಯುವ ಕಣ್ಣು

ಆಸ್ಪತ್ರೆಗೆ ಹೋಗುವ ದಿನ ನನ್ನಷ್ಟು ಆರೋಗ್ಯವಂತ ಸಿಂದಗಿ ತಾಲ್ಲೂಕಿನಲ್ಲಿ ಇನ್ನೊಬ್ಬ ಇರಲಾರ. ಅಂದು ಕೆಲಸಕ್ಕೆ ರಜೆ. ಬಿಸಿನೀರಿನ ಸ್ನಾನ, ಇಸ್ತ್ರಿಯ ಅಂಗಿ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು. ನಮ್ಮ ಕಡೆ ಎಲ್ಲರೂ ಹೀಗೆಯೇ. ಡಾಕ್ಟರರ ಮುಂದೆ ರೋಗಿಯಂತೆ ನಿಲ್ಲುವುದು ಮನೆತನಕ್ಕೆ ಕುಂದು. ಕನ್ಯೆ ನೋಡಲು ಹೊರಟವರಂತೆ ಹೋಗುತ್ತೇವೆ.

ನನಗಿರುವುದು ಗ್ಲಾಕೋಮಾ. ಕಣ್ಣಿನೊಳಗೆ ನೀರು ಹುಟ್ಟಿ ಸಣ್ಣ ಜಾಲರಿಯಿಂದ ಹೊರಹೋಗುತ್ತದಂತೆ. ಜಾಲರಿ ಕಟ್ಟಿಕೊಂಡರೆ ಒತ್ತಡ ಏರಿ ನೋಟದ ನರ ಸಾಯುತ್ತದಂತೆ. ಡಾಕ್ಟರಮ್ಮ ಇದನ್ನು ವಿವರಿಸಿದಾಗ ನಾನು ನಕ್ಕುಬಿಟ್ಟೆ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು ನಿಜ. ಆದರೆ ಇಂಡಿ ತಾಲ್ಲೂಕಿನ ನಿಂಬೆ ತೋಟದಿಂದ ಚಡಚಣದ ದ್ರಾಕ್ಷಿ ತೋಟದವರೆಗೆ ಪೈಪ್‌ಲೈನು, ಡ್ರಿಪ್ಪು ಜೋಡಿಸಿದ ಕೈ ಇದು. ಫಿಲ್ಟರು ಕಟ್ಟಿದರೆ ಏನಾಗುತ್ತದೆಂದು ನನಗೇ ಹೇಳುವುದೆ? ಬ್ರಹ್ಮದೇವನೂ ನಮ್ಮಂಥ ಫಿಟ್ಟರೇ. ಹೆಚ್ಚಾದ ನೀರು ಬಿಡಲು ಗೇಟ್‌ವಾಲ್ವು ಇಡುವುದನ್ನು ಮರೆತಿದ್ದಾನೆ, ಅಷ್ಟೆ.

ಹನಿ ಔಷಧ ತಪ್ಪದೆ ಹಾಕುತ್ತಿದ್ದೆ. ತಪಾಸಣೆಗೆ ಹೋದಾಗಲೆಲ್ಲ ಒತ್ತಡ ಚೊಕ್ಕ. ಆದರೂ ಬಲಗಣ್ಣಿನ ಅಂಚು ಸವೆಯುತ್ತಲೇ ಇತ್ತು. ನಿಂಬೆಯ ಮುಳ್ಳು ಕೆನ್ನೆ ಗೀರಿದ ಮೇಲೆಯೇ ಅಲ್ಲೊಂದು ಗಿಡವಿದೆ ಎಂದು ತಿಳಿಯುತ್ತಿತ್ತು. ಹೋದ ನೋಟ ಮರಳುವುದಿಲ್ಲ. ಉಳಿದದ್ದೂ ಹೋದರೆ ನಟ್ಟು ಬಿಗಿಯುವ ನನ್ನ ಪಾನಾ ಹಿಡಿಯುವವರು ಯಾರು?

ಈ ಸಲ ಡಾಕ್ಟರಮ್ಮ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಹೊರದೇಶದಲ್ಲಿ ಕಣ್ಣೊಳಗೇ ಕೂರಿಸುವ ಮೀಟರಂತೆ. ಕಿರುಬೆರಳಿನ ಉಗುರಿನಷ್ಟು ಉಂಗುರ. ವೈರಿಲ್ಲ, ಬ್ಯಾಟರಿಯಿಲ್ಲ. ಕಣ್ಣ ಮುಂದೆ ಯಂತ್ರ ಹಿಡಿದರೆ ಆ ಗಳಿಗೆಯ ಒತ್ತಡ ಹೇಳುತ್ತದೆ, ನೀವು ಹೊಲದಲ್ಲಿರಿ, ಹಾಸಿಗೆಯಲ್ಲಿರಿ.

"ಹೆಂಡ್ತಿ ಜೋಡಿ ಜಗಳಾಡುವಾಗ್ಲೂ ಹೇಳ್ತೈತೇನ್ರಿ?" ಎಂದೆ.

ಪಕ್ಕದಲ್ಲೇ ಇದ್ದ ನನ್ನ ಹೆಂಡತಿ ಸಾವಿತ್ರಿ ಬಿಟ್ಟಾಳೆಯೇ? "ಅದನ್ನ ಇವರ ತಲಿಯಾಗ ಕೂಡಸ್ರಿ ಡಾಕ್ಟರ್ರ. ಒತ್ತಡ ಅಲ್ಲೇ ಹೆಚ್ಚೈತಿ."

"ನಮ್ಮ ಕಡೆ ಅದಿನ್ನೂ ಬಂದಿಲ್ರಿ," ಎಂದು ಡಾಕ್ಟರಮ್ಮ ನಕ್ಕರು. "ಇದ್ದಿದ್ರ ನೀವು ಕೆಲಸದಾಗ ಇದ್ದಾಗ ಏನಾಗ್ತೈತಿ ಅನ್ನೂದು ಗೊತ್ತಾಗ್ತಿತ್ತು. ಕೆಲಸ ಹೆಂಗ ಮಾಡ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಸಾವಿತ್ರಿ ಹೇಳಿದಳು: "ಬಾವಲಿ ಹಂಗ್ರಿ. ಗುಂಡ್ಯಾಗ ತಲಿ ಕೆಳಗ, ಕಾಲು ಮ್ಯಾಲ."

ಡಾಕ್ಟರಮ್ಮನ ನಗು ನಿಂತಿತು. ವಾಲ್ವಿನ ಗುಂಡಿ ಆದಷ್ಟು ಕಿರಿದಾಗಿರಬೇಕೆಂಬುದು ನಮ್ಮ ಕಸುಬಿನ ಜಂಬ. ಅಂಚಿನಲ್ಲಿ ಬೋರಲು ಮಲಗಿ ಸೊಂಟದವರೆಗೆ ಒಳಗಿಳಿಯುತ್ತೇವೆ. ಡಾಕ್ಟರಮ್ಮ ನನ್ನನ್ನು ಬೆಂಚಿನ ಮೇಲೆ ಹಾಗೆಯೇ ತಲೆ ಇಳಿಬಿಟ್ಟು ಮಲಗಿಸಿ, ಕೈಯಂತ್ರದಿಂದ ಕಣ್ಣು ಅಳೆದರು. ಒತ್ತಡ ಇಮ್ಮಡಿಯ ಹತ್ತಿರ ಬಂದಿತ್ತು. ಇಷ್ಟು ದಿನ ನಾನು ಅಳೆಸಿಕೊಂಡು ಬಂದದ್ದು ರಜೆಯ ಕಣ್ಣನ್ನು. ಸವೆದದ್ದು ದುಡಿಯುವ ಕಣ್ಣು.

ಈಗ ಗುಂಡಿ ಅಗಲವಾಗಿ ತೋಡಿಸಿ, ಒಳಗೆ ಕುಳಿತೇ ಕೆಲಸ ಮಾಡುತ್ತೇನೆ. ಮೊನ್ನೆ ಆಲಮೇಲದ ರೈತ ಮಲಕಾರಿ ಬೆವರೊರೆಸಿಕೊಳ್ಳುತ್ತ ಕೇಳಿದ: "ಮಿಸ್ತ್ರಿ, ವಾಲ್ವ್ ಕೂಡಸಾಕ ತೋಡಾಕತ್ತೇನೊ, ನಿನ್ನ ಹೂಳಾಕ ತೋಡಾಕತ್ತೇನೊ?"

"ಎರಡಕ್ಕೂ ಸಾಲೂವಂಗ ತೋಡೋ ಮಾರಾಯ. ಮೊದ್ಲ ವಾಲ್ವ್ ಕೂಡಸೂಣು."

ಅವನು ಬೈಯುತ್ತಲೇ ಇನ್ನೊಂದು ಮೊಳ ಅಗಲಿಸಿದ. ಇಳಿದು ಕುಳಿತೆ. ಇಷ್ಟು ವರ್ಷ ಗುಂಡಿಯಲ್ಲಿ ಮಣ್ಣನ್ನೇ ಕಂಡವನಿಗೆ ಅಲ್ಲಿಂದ ಆಕಾಶವೂ ಕಾಣುತ್ತದೆಂದು ಗೊತ್ತೇ ಇರಲಿಲ್ಲ. ಬಲಗಡೆ ಒಂದಿಷ್ಟು ಕಡಿಮೆ ಬೀಳುತ್ತದೆ, ನಿಜ, ಉಳಿದದ್ದು ಬೇಕಾದಷ್ಟಿದೆ.