ಹೆರಿಗೆ ವಾರ್ಡಿನ ಕೇಬಲ್

ಮಂಡ್ಯದಲ್ಲಿ ನಾನೂ ನನ್ನ ಗೆಳೆಯನೂ ಸೇರಿ ಕಟ್ಟಡಗಳಿಗೆ ನೆಟ್‌ವರ್ಕ್ ಕೇಬಲ್ ಎಳೆಯುವ ಕೆಲಸ ಮಾಡುತ್ತೇವೆ. ಮದ್ದೂರಿನ ಒಂದು ನರ್ಸಿಂಗ್ ಹೋಮಿಗೂ ನಾವೇ ಎಳೆದಿದ್ದೆವು. ಕೆಳಗಿನ ಸ್ಕ್ಯಾನಿಂಗ್ ಕೋಣೆಯಲ್ಲಿ ತೆಗೆದ ಚಿತ್ರ ಮಹಡಿಯಲ್ಲಿ ಡಾಕ್ಟರಮ್ಮನ ಕಂಪ್ಯೂಟರಿಗೆ ಬರಬೇಕು. ಬಹಳ ದಿನ ಚೆನ್ನಾಗಿ ಬರುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ನಿಲ್ಲುವುದು, ಮತ್ತೆ ಬರುವುದು ಶುರುವಾಯಿತು.

ಹೋಗಿ ಕೇಬಲ್ಲಿನ ತುದಿಯ ಕನೆಕ್ಟರುಗಳನ್ನು ಬದಲಿಸಿದೆವು. ಇನ್ನೊಮ್ಮೆ ಹೋಗಿ ಕೇಬಲ್ಲುಗಳೆಲ್ಲ ಬಂದು ಕೂಡುವ ಸ್ವಿಚ್ಚನ್ನೂ ಬದಲಿಸಿದೆವು. ನಾವಿದ್ದಷ್ಟು ಹೊತ್ತು ಯಾವ ತಕರಾರೂ ಇರುತ್ತಿರಲಿಲ್ಲ. ಬೈಕಿನಲ್ಲಿ ಗೆಜ್ಜಲಗೆರೆ ದಾಟುವಷ್ಟರಲ್ಲಿ ಫೋನು ಬರುತ್ತಿತ್ತು.

ಮೂರನೆಯ ಸಲ ಹೋದಾಗ ಡಾಕ್ಟರಮ್ಮ ಬೈಯಲಿಲ್ಲ. "ಆತಗೂರು ಕಡೆಯ ಹುಡುಗಿ ಬೆಳಗ್ಗೆಯಿಂದ ಕಾಯ್ತಾ ಕೂತಿದ್ದಾಳೆ. ಹೊಟ್ಟೇಲಿ ಮಗು ಮಿಸುಕಾಡ್ತಿಲ್ಲ ಅಂತ ಹೆದರಿದ್ದಾಳೆ. ಸ್ಕ್ಯಾನ್ ಆಗಿದೆ, ಚಿತ್ರ ಬರ್ತಿಲ್ಲ. ಕೆಳಗೆ ಹೋಗಿ ನೋಡೋಣ ಅಂದ್ರೆ ಇಲ್ಲಿ ಹೆರಿಗೆ ಒಂದು ನಡೀತಿದೆ" ಎಂದರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು.

ಗೆಳೆಯ ಅವರ ಕಂಪ್ಯೂಟರಿನ ಮುಂದೆ ಫೋನು ಹಿಡಿದು ಕೂತ. ನಾನು ಏಣಿಯಿಲ್ಲದೆ ಬರಿಗೈಯಲ್ಲಿ ಕೇಬಲ್ಲಿನ ಜಾಡು ಹಿಡಿದು ಹೊರಟೆ. ಅದು ಹಾದುಹೋಗುವ ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತೆ. ಒಳಗೆ ಒಬ್ಬ ಅಜ್ಜಿ ಚಾವಣಿಯ ಕೊಕ್ಕೆಗೆ ಸೀರೆಯ ಜೋಲಿ ಕಟ್ಟಿ ಮೊಮ್ಮಗನನ್ನು ತೂಗುತ್ತಿದ್ದರು. ಕೂಸು ಮಲಗಿತೇ ಎಂದು ನೋಡಲು ಅವರು ಕೈ ಬಿಟ್ಟರು.

"ಬಂತು ಕಣ್ಲಾ," ಎಂದ ಗೆಳೆಯ ಫೋನಿನಲ್ಲಿ.

ಕೂಸು ಅತ್ತಿತು. ಅಜ್ಜಿ ಮತ್ತೆ ತೂಗಿದರು.

"ಓಯ್ತು ಬುಡು."

ಹಿಂದಿನ ಸಲಗಳಲ್ಲಿ ನಾವು ಏಣಿ ಹೊತ್ತು ಬಂದಾಗಲೆಲ್ಲ ವಾರ್ಡಿನ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಆಚೆ ಹೋಗಿ ನಿಲ್ಲುತ್ತಿದ್ದರು. ಜೋಲಿ ತೂಗುವುದನ್ನು ನಾವು ನೋಡಿಯೇ ಇರಲಿಲ್ಲ. ನಾನು ಒಳಗೆ ಹೋಗಿ, "ಅವ್ವ, ಒಂದ್ಗಳಿಗೆ ಮಗೀನ ಎತ್ಕೊತೀಯಾ?" ಎಂದೆ. ಏಣಿ ತರಿಸಿ ಹತ್ತಿ ನೋಡಿದರೆ, ಬಣ್ಣ ಬಳಿಯಲು ಬಂದಿದ್ದವರು ನಮ್ಮ ಕೇಬಲ್ಲನ್ನು ಗೋಡೆಯಿಂದ ಬಿಡಿಸಿ, ಜೋತು ಬೀಳದಿರಲೆಂದು ಅದೇ ಕೊಕ್ಕೆಗೆ ಬಿಗಿದಿದ್ದರು. ಜೋಲಿ ಜಗ್ಗಿ ಜಗ್ಗಿ ಒಳಗಿನ ಎಳೆಯೊಂದು ತುಂಡಾಗಿ, ತೂಗಿದಾಗ ಬಿಟ್ಟು ನಿಂತಾಗ ಕೂಡುತ್ತಿತ್ತು.

ಅಜ್ಜಿಯ ಮುಖ ಬಾಡಿತು. "ಮಗ ಅಳ್ತದೆ ಅಂತ ತೂಗ್ದೆ ಕಣಪ್ಪ. ನಾನೇನಾರ ಕೆಡಿಸಿಬುಟ್ನಾ?"

"ಇಲ್ಲ ಕಣವ್ವ. ನೀನು ತೂಗ್ದೇ ಇದ್ದಿದ್ರೆ ಎಲ್ಲಿ ಕೆಟ್ಟದೆ ಅಂತ ನಮಗೆ ಗೊತ್ತಾಗ್ತಾನೇ ಇರ್ನಿಲ್ಲ."

ಹಾಳಾದ ಕೇಬಲ್ ಕಿತ್ತು, ಹೊಸದನ್ನು ಎದುರು ಗೋಡೆಯ ಮೇಲೆ ಎಳೆದೆವು. ಚಿತ್ರ ಬಂತು. ಹೆರಿಗೆ ಮಾಡಿಸಿ ಬಂದ ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ನೋಡುತ್ತಲೇ ಇದ್ದರು. ನಾವಿಬ್ಬರೂ ಅವರ ಮುಖ ನೋಡುತ್ತ ನಿಂತೆವು. ಕೊನೆಗೆ ಅವರು ಕುರ್ಚಿಗೆ ಒರಗಿ, "ಮಗು ಚೆನ್ನಾಗಿದೆ. ಅವಳನ್ನ ಕರೀರಿ" ಎಂದು ನರ್ಸಿಗೆ ಹೇಳಿದರು.

ನರ್ಸಿಗಿಂತ ಮೊದಲು ಗೆಳೆಯನೇ ಮೆಟ್ಟಿಲಿಳಿದು ಓಡಿದ.