ಉಳಿದ ದ್ರಾವಣ

ಮೋಸುಲ್‌ನ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಸಿತ್ ನಹ್ರಿನ್ ಕೊನೆಯ ತರಗತಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಶಿಕ್ಷಕಿಯರನ್ನೆಲ್ಲ ನಾವು ಸಿತ್ ಎಂದೇ ಕರೆಯುವುದು. ನಮ್ಮ ದೇಶಕ್ಕೆ ಹೊರಗಿನಿಂದ ಏನೂ ಬಾರದಿದ್ದ ದಿಗ್ಬಂಧನದ ವರ್ಷಗಳವು. ಪ್ರಯೋಗಶಾಲೆಯಲ್ಲಿ ಖಾಲಿ ಸೀಸೆಗಳ ಹೊರತು ಹೆಚ್ಚೇನೂ ಇರಲಿಲ್ಲ. ಆಲ್ಡಿಹೈಡ್ ಯಾವುದು, ಕೀಟೋನ್ ಯಾವುದು ಎಂದು ಪತ್ತೆ ಮಾಡುವುದನ್ನೂ ಬಾಯಿಪಾಠ ಮಾಡುತ್ತಿದ್ದೆವು: ಬೆಳ್ಳಿಯಿಂದ ಮಾಡಿದ ಟಾಲನ್ಸ್ ದ್ರಾವಣ ಹಾಕಿ ಬಿಸಿ ಮಾಡಿದರೆ ಆಲ್ಡಿಹೈಡ್ ಇರುವ ನಳಿಕೆಯ ಒಳಮೈಗೆ ಬೆಳ್ಳಿ ಹಿಡಿದು ಕನ್ನಡಿಯಾಗುತ್ತದೆ, ಕೀಟೋನ್ ಹಾಗೇ ಉಳಿಯುತ್ತದೆ.

ಮುಖ್ಯೋಪಾಧ್ಯಾಯಿನಿ ಸಿತ್ ಬಲ್ಕೀಸ್‌ಗೆ ಆ ತರಗತಿಯನ್ನು ಶಿಕ್ಷಕಿಯಾಗಿದ್ದ ತಮ್ಮ ಅಕ್ಕನ ಮಗಳು ರುವೈದಾಳಿಗೆ ಕೊಡಿಸಬೇಕಿತ್ತು. ನಹ್ರಿನ್ ಪ್ರಯೋಗವನ್ನೇ ಮಾಡಿಸುವುದಿಲ್ಲ ಎಂದು ಅವರು ಶಿಕ್ಷಣ ಇಲಾಖೆಗೆ ದೂರು ಕೊಟ್ಟರು. ಗುರುವಾರ ಬಂದು ನೋಡುತ್ತೇನೆ, ಆಗದಿದ್ದರೆ ತರಗತಿ ಬೇರೆಯವರಿಗೆ ಎಂದು ಇನ್ಸ್‌ಪೆಕ್ಟರ್ ಹೇಳಿ ಕಳಿಸಿದರು.

"ಬೆಳ್ಳಿ ಎಲ್ಲಿಂದ ತರ್ತೀಯಮ್ಮ? ಚಂದ್ರನ್ನ ಕೆರೀತೀಯಾ?" ಎಂದರು ಬಲ್ಕೀಸ್, ಎಲ್ಲರ ಮುಂದೆ.

ಸಿತ್ ನಹ್ರಿನ್ ಅಕ್ಕಸಾಲಿಗನಿಂದ ಆಮ್ಲ ತಂದು ತಾಯಿಯ ಬೆಳ್ಳಿ ಕಡಗವನ್ನು ಅದರಲ್ಲಿ ಕರಗಿಸಿದರು. ಬುಧವಾರ ಅದರಿಂದ ಟಾಲನ್ಸ್ ದ್ರಾವಣ ತಯಾರಿಸಿ ನಮ್ಮೆದುರು ಒಮ್ಮೆ ಪ್ರಯೋಗ ಮಾಡಿ ನೋಡಿದರು. ಬಿಸಿನೀರಿನಲ್ಲಿ ನಿಂತ ನಳಿಕೆ ಮೊದಲು ಕಂದುಬಣ್ಣಕ್ಕೆ ತಿರುಗಿತು, ಆಮೇಲೆ ತಳದಿಂದ ಹೊಳೆಯತೊಡಗಿತು. ಮುಂದಿನ ಬೆಂಚಿನ ಸೌಸನ್ ಬಗ್ಗಿ ಅದರಲ್ಲಿ ಮುಖ ನೋಡಿಕೊಂಡಳು.

"ಸಿತ್, ನನ್ ಮೂಗು ಇಷ್ಟು ದಪ್ಪ ಇದೆಯಾ?"

"ಕನ್ನಡಿ ಸುಳ್ಳು ಹೇಳಲ್ಲ ಮಗಳೇ. ಕೂತ್ಕೋ."

ದ್ರಾವಣ ಅರ್ಧ ಉಳಿಯಿತು. ಉಳಿದದ್ದನ್ನು ಕೂಡಲೇ ಚೆಲ್ಲಬೇಕು, ಇಟ್ಟರೆ ಸಿಡಿಯುತ್ತದೆ ಎಂದು ನಮಗೆ ಬರೆಸಿದ್ದವರೇ ಅವರು. ಆದರೆ ಕುದಿಸಿದ ಚಹಾಪುಡಿಯನ್ನು ಒಣಗಿಸಿ ಮತ್ತೆ ಕುದಿಸುತ್ತಿದ್ದ ಕಾಲ ಅದು. ಯಾರ ಕೈಗೂ ಚೆಲ್ಲುವ ಅಭ್ಯಾಸ ಇರಲಿಲ್ಲ. ಕಡಗವೂ ಪೂರ್ತಿ ಕರಗಿಹೋಗಿತ್ತು. "ನಾಳೆ ತನಕ ತಾನೇ," ಎಂದು ಬಿರಡೆ ಹಾಕಿ ಕಪಾಟಿನಲ್ಲಿಟ್ಟರು.

ಗುರುವಾರ ಬೆಳಿಗ್ಗೆ ಅವರು ಬಿರಡೆ ತಿರುಗಿಸಿದಾಗ ಸೀಸೆ ಸಿಡಿಯಿತು. ಬಲಗೈಯ ಎರಡು ಬೆರಳು ಹೋದವು, ಬಲಗಣ್ಣು ಹೋಯಿತು. ಅವರನ್ನು ಟ್ಯಾಕ್ಸಿಗೆ ಹತ್ತಿಸಿ ಕಳಿಸಿದ ಮೇಲೆ ಇನ್ಸ್‌ಪೆಕ್ಟರ್ ಬಂದರು. ನೆಲದ ರಕ್ತ ದಾಟಿ ನಿಂತು, "ಹಾಗಾದ್ರೆ ಪ್ರಯೋಗ ಆಗಲಿಲ್ಲ," ಎಂದರು.

"ಚಹಾ ತಗೊಳ್ಳಿ," ಎಂದರು ಬಲ್ಕೀಸ್.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಸಿತ್ ನಹ್ರಿನ್ ಮರಳಿ ಬಂದು ತಮ್ಮ ತರಗತಿ ಕೇಳಿದರು.

"ಹುಡುಗೀರು ನಿನ್ ಮುಖ ನೋಡಿ ಹೆದರ್ಕೋತಾರೆ ಕಣಮ್ಮ," ಎಂದರು ಬಲ್ಕೀಸ್.

"ಅವ್ರು ನೋಡಬೇಕಾದ್ದು ಬೋರ್ಡನ್ನ."

"ಬರಿಯೋದು ಯಾವ ಕೈಲಿ?"

ರುವೈದಾ ಸೀಮೆಸುಣ್ಣ ತೆಗೆದುಕೊಂಡು ಒಳಗೆ ಹೋದಳು. ಸಿತ್ ನಹ್ರಿನ್‌ಗೆ ಗೇಟಿನ ಕೆಲಸ ಸಿಕ್ಕಿತು: ಬರುವ ಹುಡುಗಿಯರ ಕಾಲುಚೀಲ, ರಿಬ್ಬನ್ ಬಿಳಿಯಾಗಿವೆಯೇ ಎಂದು ನೋಡುವುದು.

ಅದುವರೆಗೆ ಅವರು ಯಾರ ಮೇಲೂ ಕೈ ಎತ್ತಿದವರಲ್ಲ. ಒಂದು ದಿನ ಸೌಸನ್ ಬೂದು ಕಾಲುಚೀಲ ಹಾಕಿಕೊಂಡು ಬಂದಳು.

"ಬಿಳೀದು ಒಣಗಿಲ್ಲ ಸಿತ್. ಆ ಕಾಣದಿರೋ ಕಣ್ಣಿಗೆ ಬಿದ್ದೆ ಅಂದ್ಕೊಂಡು ಬಿಟ್ಬಿಡಿ," ಎಂದು ನಕ್ಕಳು.

"ಕೈ ಚಾಚು."

ಸೌಸನ್ ನಗುತ್ತಲೇ ಚಾಚಿದಳು. ಎಡಗೈಯಿಂದ ಬೀಸಿದ ಅಳತೆಪಟ್ಟಿ ಗುರಿ ತಪ್ಪಿ ಮಣಿಕಟ್ಟಿಗೆ ಬಿತ್ತು. ಸಿತ್ ನಹ್ರಿನ್ ಉಳಿದ ಮೂರು ಬೆರಳಿನಲ್ಲಿ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಮತ್ತೆ ಹೊಡೆದರು. ನಗು ನಿಂತ ಮೇಲೂ ಹೊಡೆದರು. ಸಾಲಿನಲ್ಲಿದ್ದ ನಾವೆಲ್ಲ ನಮ್ಮ ನಮ್ಮ ಕಾಲುಚೀಲ ನೋಡಿಕೊಂಡೆವು.